ದಾರಿ ಹೇಳೋರು ಇಬ್ಬರು, ಸ್ಪೀಕರ್ ಒಂದೇ

ಈಗಿನ ಕಾರುಗಳ ಡ್ಯಾಶ್‌ಬೋರ್ಡ್ ನೋಡಿದ್ರೆ ನಮ್ಮ ಹಾಸ್ಟೆಲ್ ಟಿವಿಗಿಂತ ದೊಡ್ಡ ಪರದೆ ಕೂರಿಸಿರ್ತಾರೆ. ಸನ್‌ರೂಫ್ ತೆಗಿ ಅಂದ್ರೆ ತೆಗೆಯುತ್ತೆ, ಎಸಿ ಹೆಚ್ಚು ಮಾಡು ಅಂದ್ರೆ ಮಾಡುತ್ತೆ. ಆದ್ರೆ ಆಕಾಶವಾಣಿ ಕೇಳ್ತಾ ಇರೋವಾಗ ಫೋನಿನ ಮ್ಯಾಪ್ ಹೇಳೋ ದಾರಿಯೂ ಅದೇ ಸ್ಪೀಕರಿನಲ್ಲಿ ಬರಲಿ ಅಂದ್ರೆ ಎಷ್ಟೋ ಕಾರುಗಳು ಕೈ ಎತ್ತಿಬಿಡ್ತವೆ. ರೇಡಿಯೋ ಹಾಕಿದ್ರೆ ಮ್ಯಾಪ್ ಮೂಗಿ. ಮ್ಯಾಪ್ ಮಾತಾಡಬೇಕು ಅಂದ್ರೆ ರೇಡಿಯೋ ಬಿಟ್ಟು ಬ್ಲೂಟೂತಿಗೆ ಬರಬೇಕು.

"ರೇಡಿಯೋ ಯಾರ್ ಕೇಳ್ತಾರೋ ಈಗ?" ಅಂತ ನಮ್ಮ ಕ್ಲಾಸಿನವರೇ ಕೇಳಿದ್ರು, ಈ ವಿಷಯ ಬರೀತೀವಿ ಅಂದಾಗ. ಬೆಂಗಳೂರಿನ ಟ್ರಾಫಿಕ್‌ನಲ್ಲಿ ಕೂತವರಿಗೆ ಆ ಪ್ರಶ್ನೆ ಸರಿ ಇರಬಹುದು. ನಾವು ಬರೆಯೋರು ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರಿನವರು. ನಮ್ಮ ಮನೆಗಳಲ್ಲಿ ರೇಡಿಯೋ ಕೇಳ್ತಾರೆ. ಅಪ್ಪ ಕೇಳ್ತಾರೆ, ಮಾವ ಕೇಳ್ತಾರೆ, ಅಡಿಕೆ ಚೀಲ ಹಾಕ್ಕೊಂಡು ಹೋಗೋ ಗೂಡ್ಸ್ ಗಾಡಿಯವರು ಕೇಳ್ತಾರೆ. ಅವರು ಕೇಳೋದು ಹಾಡಿಗಷ್ಟೇ ಅಲ್ಲ. ಭದ್ರಾ ನಾಲೆಗೆ ನೀರು ಯಾವಾಗ ಬಿಡ್ತಾರೆ, ಡ್ಯಾಮ್ ಎಷ್ಟು ಅಡಿಗೆ ಬಂತು, ಪೇಟೆಯಲ್ಲಿ ಧಾರಣೆ ಏನಾಯ್ತು, ನಾಳೆ ಮಳೆ ಹೇಗೆ. ಲಕ್ಕವಳ್ಳಿಯ ಭದ್ರಾ ಜಲಾಶಯದ ಗರಿಷ್ಠ ಮಟ್ಟ 186 ಅಡಿ ಅಂತ ನಮ್ಮೂರ ಹೈಸ್ಕೂಲ್ ಹುಡುಗನಿಗೂ ಗೊತ್ತು. ಅದು ಪಾಠದಲ್ಲಿ ಕಲಿತದ್ದಲ್ಲ, ಬೆಳಿಗ್ಗೆ ಕಿವಿಗೆ ಬಿದ್ದು ಬಿದ್ದು ಬಂದದ್ದು.

ನಮ್ಮ ನಾಲ್ಕು ತಾಲ್ಲೂಕು ಒಂದೇ ಜಿಲ್ಲೆಗೆ ಸೇರಿದ್ದೇ ಇತ್ತೀಚೆಗೆ. ದಾವಣಗೆರೆ ಜಿಲ್ಲೆ ಆಗಿದ್ದು 1997ರ ಆಗಸ್ಟ್ 15ಕ್ಕೆ. ಚನ್ನಗಿರಿ, ಹೊನ್ನಾಳಿ ಅದಕ್ಕೆ ಮೊದಲು ಶಿವಮೊಗ್ಗದಲ್ಲಿದ್ದವು, ಜಗಳೂರು ಚಿತ್ರದುರ್ಗದಲ್ಲಿತ್ತು. ನ್ಯಾಮತಿ ಆಮೇಲೆ ಹೊನ್ನಾಳಿಯಿಂದ ಬೇರೆಯಾಗಿ ತಾಲ್ಲೂಕಾಯ್ತು. ಜಿಲ್ಲೆ ಬದಲಾದರೂ ರೇಡಿಯೋ ಮಾತ್ರ ಹಳೇ ಜಿಲ್ಲೆಯದ್ದೇ ಉಳೀತು. ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಕಡೆ ಹಿರಿಯರಿಗೆ ಆಕಾಶವಾಣಿ ಅಂದ್ರೆ ಭದ್ರಾವತಿ, ಮೀಡಿಯಂ ವೇವ್‌ನ 675 ಕಿಲೋಹರ್ಟ್ಸ್. ಜಗಳೂರಿನವರಿಗೆ ಚಿತ್ರದುರ್ಗದ ಎಫ್‌ಎಂ 102.6. ರೇಡಿಯೋ ಅಲೆಗೆ ಜಿಲ್ಲಾಧಿಕಾರಿ ಕಚೇರಿ ಎಲ್ಲಿದೆ ಅನ್ನೋದು ಗೊತ್ತಾಗಲ್ಲ, ಗುಡ್ಡ ಎಲ್ಲಿದೆ ಅನ್ನೋದು ಮಾತ್ರ ಗೊತ್ತಾಗುತ್ತೆ.

ಈಗ ಮ್ಯಾಪ್ ವಿಷಯ. "ನಿಮ್ಮೂರಿಗೆ ಹೋಗೋಕೆ ನಿಮಗೆ ಮ್ಯಾಪ್ ಯಾಕ್ರೋ?" ಅನ್ನೋದು ಎರಡನೇ ಪ್ರಶ್ನೆ. ನಮ್ಮೂರಿಗೆ ಬೇಡ. ಆದ್ರೆ ಜಗಳೂರಿನವನು ತೀರ್ಥರಾಮೇಶ್ವರಕ್ಕೆ ಹೊರಟ್ರೆ ಬೇಕು. ನ್ಯಾಮತಿಯವರು ರಂಗಯ್ಯನದುರ್ಗದ ಕೊಂಡುಕುರಿ ಅಭಯಾರಣ್ಯ ನೋಡೋಕೆ ಬಂದ್ರೆ ಬೇಕು. ಹೆಣ್ಣು ನೋಡೋ ಶಾಸ್ತ್ರಕ್ಕೆ, ಗೃಹಪ್ರವೇಶಕ್ಕೆ, ತಿಥಿಗೆ ಒಳಗಿನ ಹಳ್ಳಿಗಳಿಗೆ ಹೋಗೋವಾಗ ಬೇಕು. ಮುಂಚೆ ಅರಳೀಕಟ್ಟೆ ಹತ್ರ ಗಾಡಿ ನಿಲ್ಲಿಸಿ "ಅಣ್ಣಾ, ಈ ದಾರಿ ಎಲ್ಲಿಗೆ ಹೋಗುತ್ತೆ?" ಅಂತ ಕೇಳ್ತಿದ್ವಿ. ಈಗ್ಲೂ ಕೇಳ್ತೀವಿ, ಆದ್ರೆ ಕಟ್ಟೆ ಮೇಲೆ ಕೂತ ಅಣ್ಣನೂ ಫೋನ್ ತೆಗೆದು ಮ್ಯಾಪ್ ನೋಡ್ತಾನೆ.

ಹಾಗಾಗಿ ಎರಡೂ ಬೇಕು. ಇದರಲ್ಲಿ ನಮಗೆ ಅನುಮಾನ ಇಲ್ಲ. ಎರಡೂ ಬೇಕಾಗೋದು ಮುಖ್ಯವಾಗಿ ಮಳೆಗಾಲದಲ್ಲಿ. ಗಾಜನೂರಿನ ತುಂಗಾ ಡ್ಯಾಮಿಂದ, ಲಕ್ಕವಳ್ಳಿಯ ಭದ್ರಾ ಡ್ಯಾಮಿಂದ ಹೊರಗೆ ಬಿಟ್ಟ ನೀರು ಕೂಡಲಿಯಲ್ಲಿ ಒಂದಾಗಿ ಹೊನ್ನಾಳಿಗೆ ಬರುತ್ತೆ, ಅಲ್ಲಿಂದ ಹರಿಹರದ ಕಡೆ ಹೋಗುತ್ತೆ. ಹೊನ್ನಾಳಿಯ ತಗ್ಗಿನ ಮನೆಗಳವರಿಗೆ, ಹೊಳೆದಂಡೆ ಹೊಲದವರಿಗೆ ಎಷ್ಟು ಕ್ಯುಸೆಕ್ ಬಿಟ್ರು ಅನ್ನೋದೇ ದೊಡ್ಡ ಸುದ್ದಿ. ಹರಿಹರ ತಾಲ್ಲೂಕಿನ ಉಕ್ಕಡಗಾತ್ರಿ ಅಜ್ಜಯ್ಯನ ಗದ್ದುಗೆಗೆ ಹೋಗೋ ರಸ್ತೆ ಹೊಳೆ ತುಂಬಿದಾಗ ನೀರಲ್ಲಿ ಮುಳುಗೋದು ನಮ್ಮ ಕಡೆ ಮಾಮೂಲಿ. ಇಂಥ ಸಂಜೆ ರೇಡಿಯೋ ಹೇಳುತ್ತೆ, ಹೊಳೆ ಏರ್ತಿದೆ, ನದಿಪಾತ್ರದವರು ಎಚ್ಚರಿಕೆಯಿಂದ ಇರಬೇಕು ಅಂತ. ಮ್ಯಾಪ್ ಹೇಳುತ್ತೆ, 400 ಮೀಟರ್ ನಂತರ ಎಡಕ್ಕೆ ತಿರುಗಿ ಅಂತ. ಎಡಕ್ಕೆ ತಿರುಗಿದ್ರೆ ಹೊಳೆ.

ಮ್ಯಾಪಿಗೆ ರಸ್ತೆ ಮುಚ್ಚಿದ್ದು ಗೊತ್ತಾಗೋದು ಹೇಗೆ? ಆ ರಸ್ತೆಯಲ್ಲಿ ಓಡಾಡೋ ಫೋನುಗಳ ವೇಗ ನೋಡಿ, ಯಾರಾದ್ರೂ ರಿಪೋರ್ಟ್ ಮಾಡಿದ್ರೆ ಅದನ್ನ ನೋಡಿ. ಸಿಲ್ಕ್ ಬೋರ್ಡ್‌ನಲ್ಲಿ ನಿಮಿಷಕ್ಕೆ ನೂರಾರು ಫೋನು ಸಾಗ್ತವೆ, ತಕ್ಷಣ ಗೊತ್ತಾಗುತ್ತೆ. ಹೊನ್ನಾಳಿ ತಾಲ್ಲೂಕಿನ ಒಳರಸ್ತೆಯಲ್ಲಿ ಗಂಟೆಗೆ ನಾಲ್ಕು ಬೈಕು, ಎರಡು ಟ್ರ್ಯಾಕ್ಟರ್. ಯಾರೂ ಓಡಾಡದ ರಸ್ತೆ ಮುಚ್ಚಿದೆಯೋ, ಸುಮ್ಮನೆ ಖಾಲಿ ಇದೆಯೋ ಅಂತ ಲೆಕ್ಕ ಹಾಕೋಕೆ ಅದರ ಹತ್ರ ಏನಿದೆ? ಜನ ಕಡಿಮೆ ಇರೋ ಕಡೆ ಮ್ಯಾಪಿಗೆ ಕಣ್ಣು ಮಂಜು. ಅಲ್ಲಿ ರೇಡಿಯೋನೇ ಕಣ್ಣು. ಇದಕ್ಕೇ ನಾವು ಇದನ್ನ ಬರೀ ಮೋಜಿನ ತೊಂದರೆ ಅಂತ ಒಪ್ಪಲ್ಲ.

ಇನ್ನು ಒಂದು ಕಾರಲ್ಲಿ ಸರಿ ಬರೋದು ಇನ್ನೊಂದರಲ್ಲಿ ಯಾಕೆ ಬರಲ್ಲ ಅನ್ನೋದು. ಇಸಿ, ಸಿಎಸ್‌ನವರಿಗೆ ಇದು ಸುಲಭ, ಸಿವಿಲ್‌ನವರು ಸ್ವಲ್ಪ ತಾಳ್ಮೆ ತಗೊಳ್ಳಿ.

ಫೋನಿನ ಒಳಗೇ ಎರಡು ಆ್ಯಪ್ ಇದ್ದಾಗ ಜಗಳ ಇಲ್ಲ. ಆ್ಯಂಡ್ರಾಯ್ಡ್‌ನಲ್ಲಿ ಆಡಿಯೋ ಫೋಕಸ್ ಅಂತ ಒಂದು ವ್ಯವಸ್ಥೆ ಇದೆ. ಮ್ಯಾಪ್ ಮಾತಾಡೋಕೆ ಮುಂಚೆ "ನನಗೆ ಒಂದೆರಡು ಸೆಕೆಂಡ್ ಜಾಗ ಬಿಡಿ, ಹಾಡು ನಿಲ್ಲಿಸೋದು ಬೇಡ, ದನಿ ತಗ್ಗಿಸಿದ್ರೆ ಸಾಕು" ಅಂತ ಸಿಸ್ಟಂಗೆ ಕೇಳುತ್ತೆ. 2017ರಲ್ಲಿ ಬಂದ ಆ್ಯಂಡ್ರಾಯ್ಡ್ 8ರಿಂದ ಸಿಸ್ಟಮ್ಮೇ ಹಾಡಿನ ದನಿ ತಗ್ಗಿಸಿ, ಮಾತು ಮುಗಿದ ಮೇಲೆ ಏರಿಸುತ್ತೆ. ಇದಕ್ಕೆ ಡಕಿಂಗ್ ಅಂತಾರೆ. ನಾವು ಸಂಘದ ರೂಮಲ್ಲಿ ತಗ್ಗುದನಿ ಅಂತ ಕರೆಯೋಕೆ ಶುರು ಮಾಡಿದ್ದೀವಿ, ನಿಮಗೆ ಹಿಡಿಸಿದ್ರೆ ನೀವೂ ಕರೀರಿ.

ಆದ್ರೆ ಕಾರಿನ ರೇಡಿಯೋ ಫೋನಿನ ಒಳಗಿಲ್ಲ. ಅದು ಡ್ಯಾಶ್‌ಬೋರ್ಡಿನ ಸೆಟ್‌ನಲ್ಲಿದೆ, ಅದಕ್ಕೆ ಬೇರೆ ಟ್ಯೂನರ್. ಬರೀ ಬ್ಲೂಟೂತ್ ಜೋಡಿಸಿದಾಗ ಫೋನಿನ ಎಲ್ಲ ಶಬ್ದ ಒಂದೇ ಪೈಪಿನಲ್ಲಿ ಸೆಟ್ಟಿಗೆ ಬರುತ್ತೆ. ಸೆಟ್ಟಿನಲ್ಲಿ ಸೋರ್ಸ್ ರೇಡಿಯೋ ಅಂತ ಇದ್ರೆ ಆ ಪೈಪಿನ ನಲ್ಲಿ ಬಂದ್. ಒಳಗೆ ಮ್ಯಾಪ್ ಅರಚಿಕೊಳ್ತಾ ಇರುತ್ತೆ, ಹೊರಗೆ ಯಾರಿಗೂ ಕೇಳಿಸಲ್ಲ. ಫೋನು "ರೇಡಿಯೋ ದನಿ ತಗ್ಗಿಸು" ಅಂತ ಯಾರಿಗೆ ಹೇಳೋದು? ಆ ಕಡೆ ರೇಡಿಯೋ ಓಡ್ತಿದೆ ಅನ್ನೋದೇ ಅದಕ್ಕೆ ಗೊತ್ತಿರಲ್ಲ.

ಆ್ಯಂಡ್ರಾಯ್ಡ್ ಆಟೊ, ಕಾರ್‌ಪ್ಲೇ ಇರೋ ಕಾರಿನಲ್ಲಿ ಕಥೆ ಬೇರೆ. ಅಲ್ಲಿ ಹಾಡಿಗೊಂದು ದಾರಿ, ದಾರಿ ಹೇಳೋ ದನಿಗೆ ಇನ್ನೊಂದು ದಾರಿ. ಸೆಟ್ಟಿಗೆ "ಈಗ ಬರ್ತಿರೋದು ಮ್ಯಾಪಿನ ಮಾತು" ಅಂತ ಗೊತ್ತಾಗುತ್ತೆ, ಹಾಗಾಗಿ ತನ್ನ ರೇಡಿಯೋದ ದನಿ ತಗ್ಗಿಸಿ ಅದನ್ನ ಮೇಲೆ ಬಿಡಬಹುದು. ಬಿಡಬಹುದು ಅಂದ್ವಿ, ಬಿಟ್ಟೇ ಬಿಡುತ್ತೆ ಅನ್ನಲಿಲ್ಲ. ಅದು ಸೆಟ್ ಮಾಡಿದವರು ಹೇಗೆ ಬರೆದಿದ್ದಾರೆ ಅನ್ನೋದರ ಮೇಲೆ. ಕೆಲವು ಸೆಟ್‌ಗಳು ಚೆನ್ನಾಗಿ ತಗ್ಗಿಸ್ತವೆ, ಕೆಲವು ರೇಡಿಯೋನ ಪೂರ್ತಿ ಬಾಯಿ ಮುಚ್ಚಿಸ್ತವೆ. ಮ್ಯಾಪಿನ ದನಿಗೆ ಬೇರೆ ವಾಲ್ಯೂಮ್ ಇರುತ್ತೆ ಅನ್ನೋದೂ ಬಹಳ ಜನಕ್ಕೆ ಗೊತ್ತಿಲ್ಲ. ಅದು ಮಾತಾಡ್ತಾ ಇರೋ ಆ ಎರಡು ಸೆಕೆಂಡಿನಲ್ಲೇ ಗುಂಡಿ ತಿರುಗಿಸಿದ್ರೆ ಅದರ ವಾಲ್ಯೂಮ್ ಮಾತ್ರ ಬದಲಾಗುತ್ತೆ, ರೇಡಿಯೋದ್ದಲ್ಲ. ಶೋರೂಮಿನಲ್ಲಿ ಕೀ ಕೊಡೋವಾಗ ತೆಂಗಿನಕಾಯಿ ಒಡೆಸಿ ಫೋಟೋ ತೆಗೆಯೋರು ಇದೊಂದನ್ನ ಹೇಳಿಕೊಟ್ಟಿದ್ರೆ ಆಗ್ತಿತ್ತು.

ಹಳೇ ಕಾರಿನವರಿಗೆ ಒಂದು ಉಪಾಯ ಇದೆ. ಕೆಲವು ಮ್ಯಾಪ್ ಆ್ಯಪ್‌ಗಳಲ್ಲಿ, ಉದಾಹರಣೆಗೆ ವೇಝ್‌ನಲ್ಲಿ, ದಾರಿಯ ಮಾತನ್ನ ಬ್ಲೂಟೂತ್ ಫೋನ್ ಕರೆಯಾಗಿ ಕಳಿಸೋ ಸೆಟ್ಟಿಂಗ್ ಇದೆ. ಕರೆ ಬಂತು ಅಂದ್ಕೊಂಡು ಸೆಟ್ಟು ರೇಡಿಯೋ ನಿಲ್ಲಿಸಿ ಮಾತು ಕೇಳಿಸುತ್ತೆ, ಮುಗಿದ ಮೇಲೆ ತಾನೇ ರೇಡಿಯೋಗೆ ವಾಪಸ್ ಹೋಗುತ್ತೆ. ದನಿ ಫೋನಿನದ್ದರ ಹಾಗೆ ಡೊಗರಾಗಿ ಬರುತ್ತೆ, ಶುರುವಿನ ಒಂದು ಅಕ್ಷರ ನುಂಗಿ ಹೋಗೋದೂ ಉಂಟು. ಆದ್ರೂ ನಡೆಯುತ್ತೆ. ಇನ್ನೂ ಸರಳವಾದದ್ದು, ಮ್ಯಾಪಿನಲ್ಲಿ ಬ್ಲೂಟೂತ್ ದನಿ ಆಫ್ ಮಾಡಿ ಫೋನಿನ ಸ್ಪೀಕರಿನಲ್ಲೇ ಮಾತಾಡೋಕೆ ಬಿಡೋದು. ನಮ್ಮಲ್ಲೊಬ್ಬನ ಸೋದರಮಾವ ಹೊನ್ನಾಳಿಯವರು, ಅವರದ್ದು ಇದೇ ಪದ್ಧತಿ. ಫೋನು ಮ್ಯಾಪ್ ಹೇಳುತ್ತೆ, ಕಾರು ರೇಡಿಯೋ ಹೇಳುತ್ತೆ, ಅವರು ಎರಡಕ್ಕೂ "ಹೂಂ" ಅಂತಾರೆ. ರಾಶಿ ಅಡಿಕೆ ಧಾರಣೆ ಓದೋ ಹೊತ್ತಿಗೆ ಮ್ಯಾಪು ಬಾಯಿ ಹಾಕಿದ್ರೆ ಮಾತ್ರ, "ಲೇ ತಮ್ಮ, ಅದ್ರ ಬಾಯಿ ಮುಚ್ಚಿಸೋ, ರೇಟ್ ಹೇಳ್ತಿದಾನೆ" ಅಂತ ಹಿಂದಿನ ಸೀಟಿಗೆ ಆರ್ಡರ್ ಬರುತ್ತೆ.

ಮಾವನ ಸಿಟ್ಟಿನಲ್ಲಿ ಒಂದು ತಾಂತ್ರಿಕ ವಿಷಯ ಇದೆ, ಅದನ್ನ ನಾವು ಗಂಭೀರವಾಗಿ ತಗೊಂಡಿದ್ದೀವಿ. ತಗ್ಗುದನಿ ಹಾಡಿಗೆ ಸರಿ. ಪಲ್ಲವಿಯ ಅರ್ಧ ಸಾಲು ತಗ್ಗಿದ್ರೆ ಯಾರಿಗೂ ನಷ್ಟ ಇಲ್ಲ. ಮಾತಿಗೆ ಅದು ಸರಿ ಹೋಗಲ್ಲ. "ರಾಶಿ ಕ್ವಿಂಟಾಲಿಗೆ" ಅಂತ ಕೇಳಿ, ಸಂಖ್ಯೆ ತಗ್ಗಿ ಹೋಗಿ, ಆಮೇಲೆ "ಬೆಟ್ಟೆ" ಅಂತ ಕೇಳಿದ್ರೆ ಕೇಳಿದ್ದೇ ದಂಡ. ಫೋನಿನಲ್ಲಿ ಇದಕ್ಕೆ ಉತ್ತರ ಇದೆ. ಪಾಡ್‌ಕಾಸ್ಟ್ ಥರದ ಮಾತಿನ ಆ್ಯಪ್‌ಗಳು ತಮ್ಮದು ಮಾತು ಅಂತ ಸಿಸ್ಟಂಗೆ ಹೇಳಿಕೊಂಡಿರ್ತವೆ, ದನಿ ತಗ್ಗಿಸೋ ಬದಲು ನಿಂತು, ಮ್ಯಾಪ್ ಮುಗಿಸಿದ ಮೇಲೆ ಬಿಟ್ಟಲ್ಲಿಂದ ಮುಂದುವರೀತವೆ. ನೇರ ಪ್ರಸಾರದ ರೇಡಿಯೋನ ನಿಲ್ಲಿಸೋದು ಹೇಗೆ?

ನಿಲ್ಲಿಸಬಹುದು ಅನ್ನೋದೇ ನಮ್ಮ ವಾದ. ಸೆಟ್ಟಿನಲ್ಲಿ ಮೆಮೊರಿ ಇದೆಯಲ್ಲ. ಸಿಡಿ ಗುಣಮಟ್ಟದಲ್ಲಿ, ಅಂದ್ರೆ 16 ಬಿಟ್, 44.1 ಕಿಲೋಹರ್ಟ್ಸ್, ಸ್ಟೀರಿಯೋದಲ್ಲಿ ಶಬ್ದ ಇಟ್ಟುಕೊಂಡ್ರೂ ಸೆಕೆಂಡಿಗೆ ಸುಮಾರು 176 ಕಿಲೋಬೈಟ್. 30 ಸೆಕೆಂಡಿಗೆ 5.3 ಮೆಗಾಬೈಟ್. ವಾಟ್ಸ್ಆ್ಯಪ್‌ನಲ್ಲಿ ಬರೋ ಒಂದು ಶುಭೋದಯ ವಿಡಿಯೋ ಅಷ್ಟೇ. ಮ್ಯಾಪ್ 8 ಸೆಕೆಂಡ್ ಮಾತಾಡಿದ್ರೆ ಆ 8 ಸೆಕೆಂಡಿನ ರೇಡಿಯೋನ ಹಿಡಿದಿಟ್ಟುಕೊಂಡು ಆಮೇಲೆ ಕೇಳಿಸೋದು, ಮಾತನ್ನ 1.1 ಪಟ್ಟು ವೇಗದಲ್ಲಿ ಓಡಿಸೋದು. 80 ಸೆಕೆಂಡಿನಲ್ಲಿ ನೇರ ಪ್ರಸಾರಕ್ಕೆ ಸರಿಹೋಗಿರುತ್ತೆ. ವಾರ್ತೆ ಓದೋರು ಸ್ವಲ್ಪ ಅವಸರದಲ್ಲಿದ್ದಾರೆ ಅನ್ನಿಸಬಹುದು, ಅಷ್ಟೇ. ರೇಡಿಯೋನ ಹಿಂದಕ್ಕೆ ಓಡಿಸೋ ಸೌಲಭ್ಯ ಕೆಲವು ಕಾರುಗಳಲ್ಲಿ ಈಗಾಗಲೇ ಇದೆ. ಅದನ್ನ ಮ್ಯಾಪಿನ ಮಾತಿಗೆ ಜೋಡಿಸಿದ್ರೆ ಮುಗೀತು.

ಇನ್ನೊಂದು ಕಡೆಯಿಂದಲೂ ಕೆಲಸ ಆಗಬೇಕು. ಮ್ಯಾಪಿಗೆ ಇಷ್ಟು ಅವಸರ ಯಾಕೆ? ಗಂಟೆಗೆ 60 ಕಿಲೋಮೀಟರ್ ವೇಗ ಅಂದ್ರೆ ಸೆಕೆಂಡಿಗೆ 16.7 ಮೀಟರ್. 800 ಮೀಟರ್ ಮುಂಚೆ ಹೇಳೋ ಸೂಚನೆ ಅಂದ್ರೆ ತಿರುವಿಗೆ ಇನ್ನೂ 48 ಸೆಕೆಂಡ್ ಇದೆ. ಐದು ಸೆಕೆಂಡ್ ತಡೆದು, ರೇಡಿಯೋದವರು ವಾಕ್ಯ ಮುಗಿಸಿ ಉಸಿರು ತಗೊಳ್ಳೋವಾಗ ಹೇಳಿದ್ರೆ ಹೋಗೋದು 83 ಮೀಟರ್. ಏನೂ ಮುಳುಗಲ್ಲ. ತಿರುವಿನ ಹತ್ರದ ಕೊನೇ ಸೂಚನೆಗೆ ಮಾತ್ರ ಅವಸರದ ಹಕ್ಕು ಇರಲಿ. ಸೂಳೆಕೆರೆ ಏರಿ ದಾಟಿ ಚನ್ನಗಿರಿಗೆ ಹೋಗೋ ರಸ್ತೆಯಲ್ಲಿ "ಇದೇ ರಸ್ತೆಯಲ್ಲಿ ಮುಂದುವರಿಯಿರಿ" ಅಂತ ಹೇಳೋಕೆ ವಾರ್ತೆ ಕತ್ತರಿಸೋ ಅಗತ್ಯ ಏನಿದೆ? ಒಂದು ಕಡೆ ಕೆರೆ, ಬೇರೆ ಎಲ್ಲಿಗೆ ಹೋಗ್ತೀವಿ?

ಅಲ್ಲಿವರೆಗೆ ನಮ್ಮ ಸಲಹೆ, ಮ್ಯಾಪಿನ ದನಿಯ ಚಿಹ್ನೆ ಒತ್ತಿ "ಎಚ್ಚರಿಕೆಗಳು ಮಾತ್ರ" ಅನ್ನೋದನ್ನ ಆರಿಸಿಕೊಳ್ಳೋದು. ಪಕ್ಕದಲ್ಲಿ ಕೂತವರು ತಿರುವು ನೋಡಿ ಹೇಳಲಿ. ಒಬ್ಬರೇ ಹೋಗೋದಾದ್ರೆ, ಗೊತ್ತಿಲ್ಲದ ಊರಿನ ಕೊನೇ ಐದಾರು ಕಿಲೋಮೀಟರಿಗೆ ಪೂರ್ತಿ ದನಿ ಹಾಕ್ಕೊಳ್ಳಿ. ಹಾಕ್ಕೊಳ್ಳೋದು ಗಾಡಿ ನಿಲ್ಲಿಸಿ. ಕಾನೂನೂ ಇದನ್ನೇ ಹೇಳೋದು. 2019ರ ತಿದ್ದುಪಡಿ ಆದ ಮೇಲೆ ಮೋಟಾರು ವಾಹನ ಕಾಯ್ದೆಯ 184ನೇ ಸೆಕ್ಷನ್ ಪ್ರಕಾರ ಗಾಡಿ ಓಡಿಸ್ತಾ ಕೈಯಲ್ಲಿ ಫೋನ್ ಬಳಸೋದು ಅಪಾಯಕಾರಿ ಚಾಲನೆ. ಮೊದಲ ಸಲಕ್ಕೆ 1000ದಿಂದ 5000 ರೂಪಾಯಿವರೆಗೆ ದಂಡ ಬೀಳಬಹುದು, ಜೈಲೂ ಆಗಬಹುದು. 2020ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ನಿಯಮದಲ್ಲಿ ದಾರಿ ನೋಡೋಕೆ ಮಾತ್ರ ಫೋನ್ ಬಳಸಬಹುದು ಅಂತ ವಿನಾಯಿತಿ ಕೊಟ್ಟಿದ್ದಾರೆ, ಅದೂ ಚಾಲಕನ ಗಮನ ಕೆಡದ ಹಾಗೆ. ಗಮನ ಕೆಡಬಾರದು ಅಂದ್ರೆ ದನಿ ಕೇಳಿಸಬೇಕು. ದನಿ ಕೇಳಿಸದ ಸೆಟ್ಟು ಏನು ಮಾಡುತ್ತೆ? ಕಣ್ಣನ್ನ ಪರದೆಗೆ ಎಳೆಯುತ್ತೆ. ಅಂಥಾ ಕಾರನ್ನ ಸುರಕ್ಷತೆಯ ಸ್ಟಾರ್ ಎಣಿಸಿ ಮಾರ್ತಾರೆ.

"ಎರಡು ದನಿ ಒಟ್ಟಿಗೆ ಬಂದ್ರೇನೇ ಗಮನ ಕೆಡೋದಲ್ವಾ?" ಅಂತ ಮೆಕ್ಯಾನಿಕಲ್‌ನ ಗೆಳತಿಯೊಬ್ಬಳು ವಾದ ಹಾಕಿದಳು. ಒಪ್ಪಬೇಕಾದ ಮಾತು. ಎರಡೂ ಒಂದೇ ಜೋರಿನಲ್ಲಿ ಬಂದ್ರೆ ಮದುವೆಮನೆ ಊಟದ ಪಂಕ್ತಿ ಥರ ಆಗುತ್ತೆ. ಅದಕ್ಕೇ ನಾವು ಕೇಳ್ತಿರೋದು ಒಟ್ಟಿಗೆ ಕೂಗೋದನ್ನಲ್ಲ, ಸರದಿ ಮೇಲೆ ಮಾತಾಡೋದನ್ನ.

ಇದೇನೂ ಆಗದ ಹೋಗದ ಬೇಡಿಕೆ ಅಲ್ಲ. ಜರ್ಮನಿಯಲ್ಲಿ 1974ರಲ್ಲೇ ಎಆರ್‌ಐ ಅನ್ನೋ ವ್ಯವಸ್ಥೆ ಬಂತು. ಟ್ರಾಫಿಕ್ ಸುದ್ದಿ ಶುರು ಆದಾಗ ಸ್ಟೇಷನ್ನಿಂದ ಒಂದು ಸಂಕೇತ ಹೋಗುತ್ತೆ, ಕಾರಿನಲ್ಲಿ ಕ್ಯಾಸೆಟ್ ಓಡ್ತಿದ್ರೆ ಅದು ತಾನೇ ನಿಂತು ಸುದ್ದಿ ಕೇಳಿಸುತ್ತೆ, ಆಮೇಲೆ ಕ್ಯಾಸೆಟ್ ಮುಂದುವರಿಯುತ್ತೆ. ಮುಂದೆ ಯುರೋಪಿನ ಆರ್‌ಡಿಎಸ್‌ನಲ್ಲೂ ಇದನ್ನ ಸೇರಿಸಿದ್ರು. ನಿಮ್ಮ ಸೆಟ್ಟಿನ ಮೆನುವಿನಲ್ಲಿ ಟಿಎ ಅಂತ ಎರಡಕ್ಷರ ಕಂಡಿದ್ರೆ ಅದು ಅದೇ ಸಂತತಿ. ಕ್ಯಾಸೆಟ್ ಕಾಲದಲ್ಲಿ ರೇಡಿಯೋಗೆ ದಾರಿ ಬಿಡೋದು ಗೊತ್ತಿದ್ದ ಸೆಟ್ಟಿಗೆ, ಹತ್ತಿಂಚಿನ ಪರದೆ ಬಂದ ಮೇಲೆ ರೇಡಿಯೋ ಹೊರಗಿನವನಾದ.

ಹೊರಗೆ ಹಾಕೋ ಕೆಲಸ ಬೇರೆ ದೇಶದಲ್ಲೂ ನಡೀತಿದೆ. ಎಲೆಕ್ಟ್ರಿಕ್ ಕಾರಿನ ಮೋಟಾರು, ಇನ್ವರ್ಟರು ಎಎಂ ರೇಡಿಯೋಗೆ ಗದ್ದಲ ಮಾಡ್ತವೆ ಅಂತ ಕೆಲವು ಕಂಪನಿಗಳು ಎಎಂ ತೆಗೆದೇ ಬಿಟ್ಟವು. ಅಮೆರಿಕದಲ್ಲಿ ಅದಕ್ಕೆ ವಿರೋಧ ಬಂತು, 2023ರಲ್ಲಿ ಎಲ್ಲ ಕಾರಲ್ಲೂ ಎಎಂ ಇರಲೇಬೇಕು ಅನ್ನೋ ಮಸೂದೆ ಮಂಡನೆ ಆಯ್ತು, ಫೋರ್ಡ್ ತೆಗೆಯೋ ತೀರ್ಮಾನದಿಂದ ಹಿಂದೆ ಸರೀತು. ಅಲ್ಲಿಯವರ ಮುಖ್ಯ ವಾದ ಹಾಡು, ಹರಟೆ ಅಲ್ಲ, ಪ್ರವಾಹ, ಬಿರುಗಾಳಿ ಬಂದಾಗ ಟವರ್ ಬಿದ್ರೂ ರೇಡಿಯೋ ಇರುತ್ತೆ ಅನ್ನೋದು. ನಮ್ಮ ಹೊನ್ನಾಳಿ ಹೊಳೆದಂಡೆಯವರ ವಾದವೂ ಅದೇ, ಅವರು ಮಸೂದೆ ಮಂಡಿಸಿಲ್ಲ ಅಷ್ಟೇ. ಆಕಾಶವಾಣಿ ಅನ್ನೋ ಹೆಸರನ್ನ ಕೊಟ್ಟದ್ದೇ ಮೈಸೂರು. 1935ರಲ್ಲಿ ಎಂ.ವಿ. ಗೋಪಾಲಸ್ವಾಮಿಯವರು, ಮಹಾರಾಜ ಕಾಲೇಜಿನ ಸೈಕಾಲಜಿ ಮೇಷ್ಟ್ರು, ಮನೆಯಲ್ಲಿ ನಿಲಯ ಶುರು ಮಾಡಿದ್ರು. ಮೇಷ್ಟ್ರೊಬ್ಬರು ಮನೆಯಿಂದ ಪ್ರಸಾರ ಮಾಡಬಹುದಾದ ನಾಡಿನಲ್ಲಿ ನಾವು ನೂರಾರು ಎಂಜಿನಿಯರಿಂಗ್ ವಿದ್ಯಾರ್ಥಿಗಳು ಸೇರಿ ಒಂದು ತಗ್ಗುದನಿ ಸರ್ಕ್ಯೂಟ್ ಮಾಡೋಕೆ ಆಗಲ್ಲ ಅಂದ್ರೆ ಹೇಗೆ?

"ರೇಡಿಯೋನೂ ಫೋನಿನಲ್ಲೇ ಕೇಳಿ, ಎರಡೂ ಒಂದೇ ಪೈಪಿಗೆ ಬರುತ್ತೆ" ಅನ್ನೋದು ಸಿಎಸ್‌ನವರ ಪರಿಹಾರ. ಆಕಾಶವಾಣಿಯ ನಿಲಯಗಳು ನ್ಯೂಸ್ ಆನ್ ಏರ್ ಆ್ಯಪಿನಲ್ಲಿ ಸಿಗ್ತವೆ, ನಿಜ. ನೆಟ್‌ವರ್ಕ್ ಇರೋ ಕಡೆ ಇದು ಚೆನ್ನಾಗಿದೆ, ನಾವೂ ಬಳಸ್ತೀವಿ. ಜಗಳೂರು ತಾಲ್ಲೂಕಿನ ಒಳಭಾಗದಲ್ಲಿ, ರಂಗಯ್ಯನದುರ್ಗದ ಆಸುಪಾಸಿನಲ್ಲಿ, ಈ ಕಡೆ ಸವಳಂಗ ದಾಟಿ ಕಾಡಿನಂಚು ಸಿಕ್ಕಾಗ ಚಕ್ರ ತಿರುಗ್ತಾ ಕೂರುತ್ತೆ. ತಮಾಷೆ ಏನಂದ್ರೆ ಮ್ಯಾಪಿಗೆ ಅಲ್ಲೂ ತೊಂದರೆ ಇಲ್ಲ. ಜಿಪಿಎಸ್ ಉಪಗ್ರಹದಿಂದ 1575.42 ಮೆಗಾಹರ್ಟ್ಸ್‌ನಲ್ಲಿ ಬರೋ ಸಂಕೇತಕ್ಕೆ ಡೇಟಾ ಬೇಡ, ಮ್ಯಾಪನ್ನ ಮುಂಚೆ ಡೌನ್‌ಲೋಡ್ ಮಾಡಿಟ್ಟುಕೊಂಡ್ರೆ ಸಾಕು. ರೇಡಿಯೋ ಅಲೆಗೂ ಡೇಟಾ ಬೇಡ. ಎರಡೂ ಆಕಾಶದಿಂದ ಪುಕ್ಕಟೆ ಬರೋವು. ಮಧ್ಯೆ ಡೇಟಾ ತಂದು ಕಟ್ಟೋದು ಯಾಕೆ? ಫೋನಿನಲ್ಲೇ ಎಫ್‌ಎಂ ಟ್ಯೂನರ್ ಕೊಡಿ ಅಂತ ಕೇಂದ್ರ ಸರ್ಕಾರ 2023ರ ಏಪ್ರಿಲ್‌ನಲ್ಲಿ ಫೋನ್ ತಯಾರಕರಿಗೆ ಸೂಚನೆ ಕೊಟ್ಟಿತ್ತು. ಅದಕ್ಕೆ ಇಯರ್‌ಫೋನಿನ ವೈರೇ ಆಂಟೆನಾ. ಈಗಿನ ಫೋನುಗಳಲ್ಲಿ ವೈರ್ ಹಾಕೋ ತೂತೇ ಇಲ್ಲದ ಮೇಲೆ ಆಂಟೆನಾನ ಎಲ್ಲಿ ಚುಚ್ಚೋದು?

ಒಂದು ಮಾತು ಚಾರ್ಜರ್ ಬಗ್ಗೆ. ಮ್ಯಾಪ್ ಹಾಕಿದ್ರೆ ಬ್ಯಾಟರಿ ಇಳಿಯುತ್ತೆ, ಆದ್ದರಿಂದ ಸಿಗರೇಟ್ ಲೈಟರ್ ತೂತಿಗೆ ಚಾರ್ಜರ್ ಸಿಕ್ಕಿಸ್ತೀವಿ. ಸಿಕ್ಕಿಸಿದ ಕೂಡಲೇ ಮೀಡಿಯಂ ವೇವ್‌ನಲ್ಲಿ ಜೊಯ್ ಅಂತ ಗದ್ದಲ. ಸ್ಟೇಷನ್ ಹೋಯ್ತು ಅಂದ್ಕೊಳ್ತಾರೆ. ಹೋಗಿರಲ್ಲ. ಅಗ್ಗದ ಚಾರ್ಜರ್ 12 ವೋಲ್ಟನ್ನ 5 ವೋಲ್ಟಿಗೆ ಇಳಿಸೋಕೆ ಸೆಕೆಂಡಿಗೆ ಲಕ್ಷಗಟ್ಟಲೆ ಸಲ ಸ್ವಿಚ್ ಆನ್ ಆಫ್ ಮಾಡುತ್ತೆ, ಆ ಸ್ವಿಚ್ಚಿನ ಹಾರ್ಮೋನಿಕ್‌ಗಳು ನೇರವಾಗಿ 531ರಿಂದ 1602 ಕಿಲೋಹರ್ಟ್ಸ್‌ವರೆಗಿನ ಮೀಡಿಯಂ ವೇವ್ ಮೇಲೆ ಬೀಳ್ತವೆ. ಒಳಗೆ ಫಿಲ್ಟರ್ ಇಲ್ಲದ್ದು ಹೀಗೆ ಮಾಡುತ್ತೆ. ಪರೀಕ್ಷೆ ಸುಲಭ. ಚಾರ್ಜರ್ ಕಿತ್ತು ನೋಡಿ, ದನಿ ವಾಪಸ್ ಬಂದ್ರೆ ಕಳ್ಳ ಸಿಕ್ಕಿಬಿದ್ದ ಹಾಗೆ. ಕೆಲವು ಡ್ಯಾಶ್‌ಕ್ಯಾಮ್‌ಗಳು ಎಫ್‌ಎಂಗೂ ಇದೇ ಕಾಟ ಕೊಡ್ತವೆ. ಹಳೇ ಕಾರಿಗೆ ಹಾಕೋ ಪುಟ್ಟ ಎಫ್‌ಎಂ ಟ್ರಾನ್ಸ್‌ಮಿಟರ್ ಇನ್ನೂ ಚಂದ. ಫೋನಿನ ದನಿಯನ್ನ ಕಾರಿನ ರೇಡಿಯೋಗೆ ಕಳಿಸುತ್ತೆ, ಅಂದ್ರೆ ಮ್ಯಾಪ್ ಕೇಳೋಕೆ ರೇಡಿಯೋನೇ ಅಡ ಇಟ್ಟ ಹಾಗೆ. ಅದನ್ನ ನಾವು ಯಾರಿಗೂ ಶಿಫಾರಸು ಮಾಡಲ್ಲ.

ಕನ್ನಡ ಸಂಘದವರಾಗಿ ಕನ್ನಡದ ಮಾತು ಎತ್ತದೇ ಬಿಟ್ರೆ ನೀವೇ ಬಿಡಲ್ಲ. ಗೂಗಲ್ ಮ್ಯಾಪ್ಸ್‌ನಲ್ಲಿ ಕನ್ನಡದ ದನಿ 2018ರಿಂದ ಇದೆ. 2021ರಲ್ಲಿ ಇಂಗ್ಲಿಷಿನಲ್ಲಿದ್ದ ಜಾಗದ ಹೆಸರುಗಳನ್ನ ಹತ್ತು ಭಾರತೀಯ ಭಾಷೆಗಳ ಲಿಪಿಗೆ ತಾನೇ ಬದಲಾಯಿಸೋ ವ್ಯವಸ್ಥೆಯನ್ನೂ ತಂದ್ರು, ಅದರಲ್ಲಿ ಕನ್ನಡವೂ ಇದೆ. ಒಳ್ಳೇ ಕೆಲಸ. ಆದ್ರೆ ಯಾವುದೇ ಆ್ಯಪ್ ಇರಲಿ, ಹೆಸರು ಇಂಗ್ಲಿಷಿಗೆ ಹೋಗಿ ವಾಪಸ್ ಬರೋವಾಗ ನಮ್ಮ ಳ ಕಳೆದುಹೋಗೋ ಅಪಾಯ ಇದ್ದೇ ಇದೆ. ಇಂಗ್ಲಿಷಿನಲ್ಲಿ ಲ, ಳ ಎರಡಕ್ಕೂ ಒಂದೇ ಅಕ್ಷರ. ಹೊನ್ನಾಳಿ ಹೊನ್ನಾಲಿ ಆಗುತ್ತೆ, ಜಗಳೂರು ಜಗಲೂರು ಆಗುತ್ತೆ. ಜಗಳ ತೆಗೆದು ಜಗಲಿ ಹಾಕಿದ್ರು ಅಂತ ಜಗಳೂರಿನ ಗೆಳೆಯ ಖುಷಿಪಟ್ಟ, ಅದು ಬೇರೆ ವಿಷಯ. ರೇಡಿಯೋದಲ್ಲಿ ಈ ತೊಂದರೆ ಇಲ್ಲ. ಆಕಾಶವಾಣಿಯ ಓದುಗರಿಗೆ ನ್ಯಾಮತಿಯ ನ್ಯಾ ಎಷ್ಟು ಎಳೀಬೇಕು ಅನ್ನೋದು ಗೊತ್ತು. ಅರವತ್ತು ದಾಟಿದವರಿಗೆ ಮ್ಯಾಪಿನ ಕನ್ನಡ ಅರ್ಥ ಆಗದೇ ಇರೋದಕ್ಕೆ ಹೆಸರು ತಪ್ಪಿದ್ದೂ ಒಂದು ಕಾರಣ ಇರಬಹುದು. ಆ್ಯಪಿನಲ್ಲಿ ಹೆಸರು ತಿದ್ದೋ ಅವಕಾಶ ಇದೆ, ಹಬ್ಬಕ್ಕೆ ಊರಿಗೆ ಹೋದಾಗ ನಿಮ್ಮೂರಿನ ಹೆಸರು, ಪಕ್ಕದ ಊರಿನ ಹೆಸರು ಕನ್ನಡದಲ್ಲಿ ಸರಿ ಇದೆಯಾ ನೋಡಿ, ಇಲ್ಲದಿದ್ರೆ ತಿದ್ದುಪಡಿ ಕಳಿಸಿ. ಹತ್ತು ನಿಮಿಷದ ಕೆಲಸ.

ಕಾರು ತಗೊಳ್ಳೋ ಯೋಚನೆ ಮನೆಯಲ್ಲಿ ನಡೀತಿದ್ರೆ, ಟೆಸ್ಟ್ ಡ್ರೈವಿಗೆ ಹೋದಾಗ ಎಲ್ಲರೂ ಪಿಕಪ್, ಮೈಲೇಜ್ ಕೇಳ್ತಾರೆ. ನೀವು ರೇಡಿಯೋ ಹಾಕಿ, ಫೋನ್ ಜೋಡಿಸಿ, ಪಕ್ಕದ ಬೀದಿಗೆ ಮ್ಯಾಪ್ ಹಾಕಿ. ಮಾತು ಬಂದಾಗ ರೇಡಿಯೋ ತಗ್ಗುತ್ತಾ, ಸಾಯುತ್ತಾ, ಅಥವಾ ಮ್ಯಾಪೇ ಕೇಳಿಸಲ್ವಾ ನೋಡಿ. ಎಎಂ ಇದೆಯಾ ಅಂತಲೂ ಕೇಳಿ. ಸೇಲ್ಸ್‌ನವರಿಗೆ ಗೊತ್ತಿಲ್ಲದಿದ್ರೆ ಸರ್ವಿಸ್ ವಿಭಾಗದವರನ್ನ ಕರೆಸಿ ಕೇಳಿ. ಹತ್ತು ಜನ ಕೇಳಿದ್ರೆ ಅವರೂ ಮೇಲಕ್ಕೆ ಬರೆದು ಕಳಿಸ್ತಾರೆ.

ಈ ಸೆಮಿಸ್ಟರಿನ ಮಿನಿ ಪ್ರಾಜೆಕ್ಟಿಗೆ ನಮ್ಮಲ್ಲಿ ಮೂವರು ಆ 30 ಸೆಕೆಂಡಿನ ರೇಡಿಯೋ ಬಫರನ್ನ ಕೈಗೆತ್ತಿಕೊಂಡಿದ್ದಾರೆ. ಅದಕ್ಕೆ ಬೇಕಾಗಿ ಸಂಘದ ರೂಮಿನಲ್ಲಿ ಒಂದು ನೋಟ್‌ಬುಕ್ ಇಟ್ಟಿದ್ದೀವಿ. ಯಾವ ಊರು ದಾಟಿದ ಮೇಲೆ ಯಾವ ಸ್ಟೇಷನ್ ಕೈ ಕೊಡುತ್ತೆ, ಎಲ್ಲಿ ಡೇಟಾ ಹೋಗುತ್ತೆ, ಎರಡೂ ಇಲ್ಲದ ಜಾಗ ಯಾವುದು ಅಂತ ಬರೆಯೋದಕ್ಕೆ. ಚನ್ನಗಿರಿ, ಹೊನ್ನಾಳಿ ಪುಟಗಳು ತುಂಬ್ತಾ ಬಂದಿವೆ, ನ್ಯಾಮತಿಯದ್ದು ಅರ್ಧ ಆಗಿದೆ. ಜಗಳೂರಿನ ಪುಟದಲ್ಲಿ ಎರಡೇ ಸಾಲು ಇದೆ, ಬಸ್ಸಿನಲ್ಲೇ ಊರಿಗೆ ಹೋಗೋರೂ ಇಯರ್‌ಫೋನ್ ಹಾಕ್ಕೊಂಡು ಕೇಳಿ ಬರೀಬಹುದು. ಪೆನ್ ಅಲ್ಲೇ ದಾರ ಕಟ್ಟಿ ನೇತುಹಾಕಿದ್ದೀವಿ.